ಗವಿರಂಗನ ಮನೆಗೆ ನೂಲು

ನಮ್ಮೂರಿನಲ್ಲಿ ನೂಲು ಹಾಯಿಸುವವಳು ನಾನು. ನನಗಿಂತ ಮುಂಚೆ ನಮ್ಮವ್ವ ಹಾಯಿಸುತ್ತಿದ್ದಳು, ಅವಳಿಗಿಂತ ಮುಂಚೆ ಅವಳ ಅತ್ತೆ. ಯಾರಿಗಾದರೂ ತಡೆಯಲಾರದ ನೋವು ಬಂದರೆ ಆ ಮನೆಯವರು ನನ್ನ ಬಾಗಿಲಿಗೆ ಬರುತ್ತಾರೆ. ನಾನು ನೂಲಿನ ಉಂಡೆ ತೆಗೆದುಕೊಂಡು ಬೀದಿಯ ಆ ಕೊನೆಯಿಂದ ಶುರುಮಾಡುತ್ತೇನೆ. ಒಂದೊಂದು ಮನೆಯಲ್ಲೂ ಒಬ್ಬರು ಎಡಗೈ ಚಾಚುತ್ತಾರೆ, ಮಣಿಕಟ್ಟಿಗೆ ಒಂದು ಸುತ್ತು ಹಾಕಿ ಮುಂದಿನ ಮನೆಗೆ ಹೋಗುತ್ತೇನೆ. ಎಲ್ಲ ಮನೆ ಮುಗಿದ ಮೇಲೆ ನನ್ನ ಕೈಗೂ ಒಂದು ಸುತ್ತು ಹಾಕಿಕೊಂಡು, ತುದಿಯನ್ನು ನೋವಿನವರ ಕೈಗೆ ಕಟ್ಟುತ್ತೇನೆ. ಕಟ್ಟಿದ ಕ್ಷಣವೇ ನೋವು ನೂಲು ಹಿಡಿದವರಿಗೆಲ್ಲ ಸಮನಾಗಿ ಹಂಚಿಹೋಗುತ್ತದೆ. ಅದಕ್ಕೇ ಕೊನೆಯಲ್ಲಿ ಕಟ್ಟುವುದು. ಮೊದಲೇ ಕಟ್ಟಿಬಿಟ್ಟರೆ ಮೊದಲನೇ ಮನೆಯವರ ಮೇಲೆ ಅರ್ಧಕ್ಕರ್ಧ ಬಂದು ಬೀಳುತ್ತದೆ. ಕೆಲಸ ಕಲಿಯುವಾಗ ಹಾಗೆ ಮಾಡಿ ಬಡಗಿ ಈರಣ್ಣನ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಹೊರಗಿನಿಂದ ಬಂದವರು ಇದನ್ನು ನೋಡಿ ಕೈಮುಗಿಯುತ್ತಾರೆ. ನಮಗೇನೂ ಹಾಗನ್ನಿಸುವುದಿಲ್ಲ. ನೂಲು ಬಂದ ದಿನ ಸಾರಿಗೆ ಉಪ್ಪು ಜಾಸ್ತಿಯಾಗುತ್ತದೆ, ಕ್ಷೌರದಂಗಡಿ ಬಾಗಿಲು ಹಾಕುತ್ತದೆ, ಮೇಷ್ಟರು ಮಕ್ಕಳಿಗೆ ಪಾಠ ಬಿಟ್ಟು ಕಾಪಿ ಬರೆಯಲು ಹೇಳುತ್ತಾರೆ. "ಇವತ್ತು ಯಾರ್ದವ್ವ ಇದು? ಹಲ್ಲಾ, ಕಿವೀನಾ?" ಎಂದು ಗೊಣಗಿಕೊಂಡೇ ಕೈಚಾಚುತ್ತಾರೆ. ಪದೇಪದೇ ಅರ್ಧತಲೆನೋವು ಬರುವ ಒಬ್ಬಾಕೆಗೆ ಮಂಗಳವಾರ ಮಾತ್ರ ನೂಲು ಎಂದು ಊರವರೇ ಕಟ್ಟುಮಾಡಿದ್ದಾರೆ. ಕೆಲವರು ಉಳುಕಿದ ಕಾಲಿಗೂ ಹೇಳಿಕಳಿಸುತ್ತಾರೆ, ಅಂಥವರಿಗೆ ನಾನು ಬಿಸಿನೀರು ಹಾಕಿಕೋ ಎಂದು ಹೇಳಿ ವಾಪಸು ಕಳಿಸುತ್ತೇನೆ. ಆಸ್ಪತ್ರೆಯಿದೆ, ಡಾಕ್ಟರಿದ್ದಾರೆ. ಗಾಯ ಮಾಯುತ್ತದೆ. ಆದರೆ ನೋವಿನ ಮಾತ್ರೆ ಮಾತ್ರ ನಮ್ಮೂರಿನ ಮೈಗೆ ಹತ್ತುವುದಿಲ್ಲ.

ನೂಲು ನೂಲುವುದು ದಿಣ್ಣೆಯ ಮೇಲಿನ ಬೌದ್ಧ ವಿಹಾರದಲ್ಲಿ. ಅಲ್ಲಿ ಈಗ ಉಳಿದಿರುವ ಭಿಕ್ಷುಣಿ ಒಬ್ಬರೇ, ಖೇಮಮ್ಮ. ಅವರ ಜೊತೆ ರಾಟೆ ತಿರುಗಿಸುವುದು ನನ್ನ ತಂಗಿಯ ಮಗಳು ಪದುಮೆ. ತಂಗಿಯ ಮಗಳು ಎಂದರೆ ನಾನೇ ಸಾಕಿದ ಮಗಳು. ಹುಟ್ಟಿದ ದಿನದಿಂದ ನನ್ನ ಮಡಿಲಲ್ಲೇ ಬೆಳೆದವಳು. ಅವಳಿಗೆ ಈಗ ಇಪ್ಪತ್ತಮೂರು.

ಆ ಇಪ್ಪತ್ತಮೂರು ವರ್ಷದಿಂದ ನೂಲು ಹೋಗದ ಮನೆ ಊರಿನಲ್ಲಿ ಒಂದೇ ಒಂದು. ಸುಣ್ಣದ ಗೂಡಿನ ಪಕ್ಕದ ಗವಿರಂಗನ ಮನೆ. ಕಾರಣ ಊರಿಗೆಲ್ಲ ಗೊತ್ತು. ನನ್ನ ತಂಗಿ ಚಂಪಿಗೆ ಹೆರಿಗೆ ನೋವು ಶುರುವಾದಾಗ ಮೂವತ್ತಾರು ಮನೆಗೆ ನೂಲು ಹಾಯಿಸಿದ್ದೆ. ಎರಡು ದಿನವಾದರೂ ಕೂಸು ಬರಲಿಲ್ಲ. ಎರಡನೇ ದಿನ ಮಧ್ಯಾಹ್ನ ಗವಿರಂಗ ಕೈಯ ಸುತ್ತನ್ನು ಬಿಚ್ಚಿ ಎಸೆದು, ನಡುಬೀದಿಯಲ್ಲಿ ನಿಂತು, "ಅಯ್ಯೋ, ನನ್ ಕೈಲಾಗಲ್ಲ, ನನ್ ಕೈಲಾಗಲ್ಲ" ಎಂದು ಕೂಗಿದ. ಒಬ್ಬ ಬಿಟ್ಟರೆ ಅವನ ಪಾಲು ಉಳಿದವರ ಮೇಲೆ ಬೀಳುತ್ತದೆ. ಅವನಿಂದಾಗಿ ಉಳಿದವರಿಗೂ ತಡೆಯಲಾಗಲಿಲ್ಲ, ನೂಲು ಜಾರಿತು. ಕೂಸು ಹುಟ್ಟಿತು, ಚಂಪಿ ಉಳಿಯಲಿಲ್ಲ. ಸತ್ತದ್ದು ನೋವಿನಿಂದಲ್ಲ, ರಕ್ತ ಹೋಗಿ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಆ ಕೊನೆಯ ಹೊತ್ತಿನ ನೋವನ್ನಷ್ಟೂ ನನ್ನ ತಂಗಿ ಒಬ್ಬಳೇ ಉಂಡಳು. ಇಷ್ಟು ಜನರಿರುವ ಊರಿನಲ್ಲಿ ಒಬ್ಬಳೇ. ಅವಳ ಗಂಡ ಲಾರಿಯ ಜೊತೆ ದೂರದೂರಿಗೆ ಹೋಗಿದ್ದವನು ಆಮೇಲೆ ಬಂದು, ಅತ್ತು, ಇನ್ನೊಂದು ಮದುವೆಯಾಗಿ ಅಲ್ಲೇ ಉಳಿದುಕೊಂಡ.

ಗವಿರಂಗನಿಗೆ ನೂಲಿಲ್ಲ ಎಂದು ಪಂಚಾಯಿತಿಯೇನೂ ಮಾಡಲಿಲ್ಲ. ನಾನು ಹೋಗುವುದನ್ನು ನಿಲ್ಲಿಸಿದೆ, ಅಷ್ಟೆ. ನಾನು ಹೋಗದ ಮನೆಗೆ ಊರೂ ಹೋಗಲಿಲ್ಲ. ಹುಣ್ಣಿಮೆಯ ದಿನ ವಿಹಾರದಲ್ಲಿ ಕೂತು "ಎಲ್ಲ ಜೀವಿಗಳೂ ಸುಖವಾಗಿರಲಿ" ಎಂದು ಎಲ್ಲರ ಜೊತೆ ನಾನೂ ಹೇಳುತ್ತಿದ್ದೆ. ಹೇಳುವಾಗ ಮನಸ್ಸಿನಲ್ಲೇ ಒಬ್ಬನನ್ನು ಬಿಟ್ಟು ಹೇಳುತ್ತಿದ್ದೆ. ಇಪ್ಪತ್ತಮೂರು ವರ್ಷ ಒಂದು ಹುಣ್ಣಿಮೆಯೂ ಇದನ್ನು ಮರೆತವಳಲ್ಲ.

ಹೋದ ಮಾಗಿಯಲ್ಲಿ ಗವಿರಂಗ ಸುಣ್ಣದ ತೊಟ್ಟಿಗೆ ಜಾರಿದ. ಸುಟ್ಟ ಕಲ್ಲಿಗೆ ನೀರು ಬಿಟ್ಟು, ಅದು ಕೊತಕೊತ ಕುದಿಯುವ ಹೊತ್ತಿನಲ್ಲಿ ಜಾರಿ ಸೊಂಟದವರೆಗೆ ಬೆಂದ. ಆಸ್ಪತ್ರೆಯಲ್ಲಿ ಔಷಧಿ ಹಚ್ಚಿ, ಬಾಳೆಎಲೆಯ ಮೇಲೆ ಮಲಗಿಸಿ, ಬದುಕುತ್ತಾನೆ, ಆದರೆ ಹದಿನೈದು ದಿನ ಉರಿ ತಪ್ಪಿದ್ದಲ್ಲ ಎಂದು ಹೇಳಿ ಮನೆಗೆ ಕಳಿಸಿದರು. ಅವನ ಕೂಗು ಗೂಡಿನ ಕಡೆಯಿಂದ ಊರಿಗೆ ಕೇಳುತ್ತಿತ್ತು. ಜನ ನನ್ನ ಮನೆಯ ಮುಂದೆ ನಿಧಾನವಾಗಿ ನಡೆದು ಹೋಗುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ನಾನು ಜಗಲಿಯ ಮೇಲೆ ಕೂತು ಅವರೆಕಾಳು ಹಿಚುಕುತ್ತಿದ್ದೆ. ಒಂದು ಸೇರು ಹಿಚುಕಿ ಮುಗಿಸಿ ಇನ್ನೊಂದು ಸೇರು ತಂದು ಹಿಚುಕಿದೆ. ಅಷ್ಟು ಹಿತಕವರೆ ತಿನ್ನುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ?

ಮೂರನೇ ದಿನ ಕೂಗು ಸ್ವಲ್ಪ ಕಮ್ಮಿಯಾಯಿತು. ಸತ್ತನೇನೋ ಅಂದುಕೊಂಡೆ. ಅಷ್ಟರಲ್ಲಿ ಪದುಮೆ ಏದುಸಿರು ಬಿಡುತ್ತಾ ಬಂದಳು.

"ದೊಡ್ಡವ್ವ, ಖೇಮಮ್ಮ ಅಲ್ಲೋಗಿ ಕುಂತವ್ರೆ. ಅವ್ರು ಉಟ್ಟಿರೋ ಚೀವರದ ಅಂಚಿಂದ ಒಂದೆಳೆ ಕಿತ್ತು ಅವ್ನ ಕೈಗೆ ಕಟ್ಟಿ, ಇನ್ನೊಂದ್ ತುದಿ ತಮ್ ಕೈಗೆ ಸುತ್ಕಂಡವ್ರೆ. ಒಬ್ರೇ."

ಒಬ್ಬರೇ ಎಂದರೆ ಅರ್ಧ. ಆ ವಯಸ್ಸಿನ ಮೈಗೆ ಬೆಂದ ಮೈಯ ಅರ್ಧ ಉರಿ. ನನಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಮೆಟ್ಟದೆ ಓಡಿದೆ.

ಗವಿರಂಗ ಬಾಳೆಎಲೆಯ ಮೇಲೆ ಕಣ್ಣು ಮುಚ್ಚಿ ಮಲಗಿ ನರಳುತ್ತಿದ್ದ. ಖೇಮಮ್ಮ ಅವನ ತಲೆಯ ಹತ್ತಿರ ಚಾಪೆಯ ಮೇಲೆ ಕೂತಿದ್ದರು. ಮುಖವೆಲ್ಲ ಬೆವರು, ಕೆಳತುಟಿ ನಡುಗುತ್ತಿತ್ತು. ಆದರೂ ಕೂತ ಭಂಗಿ ಹುಣ್ಣಿಮೆಯ ದಿನ ಕೂರುವ ಹಾಗೇ ಇತ್ತು.

"ಏನಮ್ಮ ಇದು? ಎಂಬತ್ನಾಲ್ಕು ವರ್ಸಕ್ಕೆ ಹಿಂಗೆಲ್ಲ ಆಡ್ತಾರಾ?" ಎಂದೆ.

"ಎಂಬತ್ತಾರು," ಎಂದರು.

"ಬಿಚ್ಚಿ ಆ ದಾರಾನ."

"ಬಿಚ್ಚಿದ್ರೆ ಅದು ಎಲ್ಲಿಗೋಗ್ತದೆ ಹೊನ್ನಿ? ಅವ್ನ ಮೈಗೇ ತಾನೆ."

"ಹೋಗ್ಲಿ. ಅವ್ನ ನೋವು ಅವ್ನಿಗೆ. ಮಾಡಿದ್ದುಣ್ಣೋ ಮಹರಾಯ ಅಂತ ಹಿರೇರು ಸುಮ್ಕೆ ಅಂದ್ರಾ?"

ಖೇಮಮ್ಮನಿಗೆ ಉರಿಯ ಒಂದು ಅಲೆ ಬಂದಿತ್ತು, ಅದು ಹೋಗುವವರೆಗೆ ಕಾದರು. "ನಾನೂ ಮೂರು ಗಂಟೆಯಿಂದ ಇದನ್ನೇ ಹುಡುಕ್ತಾ ಇದೀನಿ. ಈ ಉರೀಲಿ ಅವ್ನ ಹೆಸ್ರು ಎಲ್ಲೂ ಸಿಗ್ತಿಲ್ಲ ಕಣೆ. ಬರೀ ಉರಿ. ನಂದಾಗಿದ್ರೂ ಹಿಂಗೇ ಇರ್ತಿತ್ತು, ನಿಂದಾಗಿದ್ರೂ ಹಿಂಗೇ."

"ಮತ್ತೆ ನಿಮ್ಗೆ ನೋವಾಯ್ತಿಲ್ವಾ? ಹೆಂಗೆ ಹಿಂಗೆ ತಣ್ಣಗೆ ಕುಂತಿದೀರಿ?"

"ಆಗ್ತಾ ಐತೆ, ಬಾಯಲ್ಲಿ ಹೇಳಕ್ಕಾಗದಷ್ಟು. ಅದ್ರ ಜೊತೆ ಜಗಳ ಆಡ್ತಿಲ್ಲ, ಅಷ್ಟೇಯ." ಆಮೇಲೆ ನನ್ನ ಮುಖ ನೋಡಿ ಕೇಳಿದರು: "ನೀನು ಇಷ್ಟು ವರ್ಸದಿಂದ ಜಗಳ ಆಡ್ತಿದೀಯಲ್ಲ, ಯಾರ ಜೊತೆ?"

ಗವಿರಂಗನ ಜೊತೆ ಎನ್ನಬೇಕಿತ್ತು.

ಅವರ ಕೈಯ ಎಳೆ ಬಿಚ್ಚಲು ಹೋದೆ, ಕೈ ಹಿಂದಕ್ಕೆಳೆದುಕೊಂಡರು. ಹಾಗೇ ಬಿಟ್ಟರೆ ಸಂಜೆಯೊಳಗೆ ಈ ಮುದುಕಿ ಸಾಯುತ್ತಾರೆ ಎನ್ನುವುದು ನನಗೆ ಖಾತ್ರಿಯಾಯಿತು. ಉಳಿಸಬೇಕೆಂದರೆ ಇರುವುದು ಒಂದೇ ದಾರಿ. ನಾನು ನೂಲು ಹಾಯಿಸಬೇಕು. ಗವಿರಂಗನ ಮೇಲೆ ಕರುಣೆ ಬಂದು ಹೊರಟೆ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಖೇಮಮ್ಮನಿಗೋಸ್ಕರ, ಅದೂ ಬೈದುಕೊಂಡೇ ಹೊರಟೆ. ನಾನು ಮನೆಗೆ ಹೋಗಿ ಉಂಡೆ ತರುವಷ್ಟರಲ್ಲಿ ಪದುಮೆ ಒಳಗೆ ಹೋಗಿ ಖೇಮಮ್ಮನ ಪಕ್ಕ ಕೂತಿದ್ದಳು.

ಮೊದಲನೇ ಮನೆ ಬಡಗಿ ಈರಣ್ಣನದು. ಅವನಿಗೂ ಈಗ ಎಪ್ಪತ್ತಾಗಿದೆ. ಬಾಗಿಲಿನ ಚೌಕಟ್ಟಿಗೆ ಉಳಿ ಹಾಕುತ್ತಿದ್ದವನು ನನ್ನ ಕೈಯ ಉಂಡೆ ನೋಡಿದ.

"ಯಾರಿಗೆ?"

"ಗವಿರಂಗಂಗೆ."

"ನೀನೇ ಬಂದು ಕೇಳ್ತಿದೀಯಾ?"

"ಮತ್ತಿನ್ಯಾರು ಬರ್ತಾರೆ? ಕೈ ಕೊಡಂಗಿದ್ರೆ ಕೊಡು, ಹೊತ್ತಾಯ್ತು."

ಈರಣ್ಣ ಉಳಿ ಕೆಳಗಿಟ್ಟ. ಕೈ ಚಾಚಲಿಲ್ಲ. "ಹೊನ್ನಕ್ಕ, ಒಂದ್ ಮಾತು ಹೇಳ್ತೀನಿ, ಬೈಬ್ಯಾಡ. ಚಂಪವ್ವನ ದಿನ ನಾನೂ ಬಿಟ್ಟೆ."

"ಗೊತ್ತು. ಗವಿರಂಗ ಬಿಟ್ಮೇಲೆ ಎಲ್ರಿಗೂ ತಡೆಯಾಕಾಗ್ಲಿಲ್ಲ."

"ಅವ್ನು ಕೂಗದ್ಕೆ ಮುಂಚೇನೇ ಬಿಟ್ಟಿದ್ದೆ," ಎಂದ ಈರಣ್ಣ. "ಬೆಳಿಗ್ಗೇನೆ. ಯಾರಿಗ್ ಗೊತ್ತಾಗ್ತದೆ, ಇಷ್ಟೊಂದ್ ಜನ ಹಿಡ್ಕಂಡವ್ರಲ್ಲ ಅಂದ್ಕಂಡೆ." ಹಾಗೆಂದು ಎಡಗೈ ಚಾಚಿದ. ಒಂದು ಸುತ್ತು ಹಾಕಿ ಮುಂದಿನ ಮನೆಗೆ ನಡೆದೆ.

ಮೂರನೇ ಮನೆ ಹೂ ಕಟ್ಟುವ ಸಾವಂತ್ರಿಯದು. ಗವಿರಂಗನ ಹೆಸರು ಹೇಳಿದ ಕೂಡಲೇ ಅವಳು ಅಳುವುದಕ್ಕೆ ಶುರುಮಾಡಿದಳು. "ಒಲೆ ಮೇಲೆ ಹಾಲು ಉಕ್ತಿತ್ತು ಕಣಕ್ಕ. ಇಳಿಸಿ ಮತ್ತೆ ಹಾಕ್ಕಳಾಣ ಅಂತ ಸುತ್ತು ಬಿಚ್ಚಿದೆ. ಮೈ ಹಗೂರ ಆಗೋಯ್ತು. ಮತ್ತೆ ಹಾಕ್ಕಳಾಕೆ ಮನ್ಸೇ ಬರ್ಲಿಲ್ಲ. ಆಮೇಲೆ ಅವ್ನು ಕೂಗ್ದ. ಸದ್ಯ ಅವ್ನ ಹೆಸ್ರು ಬಂತಲ್ಲ ಅಂದ್ಕಂಡೆ."

ಹೀಗೇ ಆಯಿತು. ಒಂದಾದ ಮೇಲೊಂದು ಮನೆ. ಕೆಲವರು ಬಾಯಿ ಬಿಟ್ಟು ಹೇಳಿದರು, ಕೆಲವರು ನನ್ನ ಮುಖ ನೋಡದೆ ಕೈ ಚಾಚಿದರು. ಆರು ಮನೆಯವರು ಬಾಗಿಲು ಹಾಕಿಕೊಂಡರು. ಅವರಲ್ಲಿ ಇಬ್ಬರು ಅಂದು ಉಳಿದವರಿಗಿಂತ ಹೆಚ್ಚು ಹೊತ್ತು ಹಿಡಿದಿದ್ದವರೇ ಇರಬಹುದು, ಯಾರಿಗೆ ಗೊತ್ತು. ನೂಲು ಹಿಡಿಯುವುದು ಯಾರಿಗೂ ಕಡ್ಡಾಯವಲ್ಲ. ಬೀದಿಯ ಕೊನೆಗೆ ಬರುವಷ್ಟರಲ್ಲಿ ಹನ್ನೊಂದು ಜನ ತಪ್ಪೊಪ್ಪಿಕೊಂಡಿದ್ದರು. ಹನ್ನೊಂದರಲ್ಲಿ ಏಳು ಜನ ಗವಿರಂಗನಿಗಿಂತ ಮುಂಚೆ ಬಿಟ್ಟವರು. ಆ ಮಧ್ಯಾಹ್ನದ ಹೊತ್ತಿಗೆ ಅವನ ಕೈಮೇಲೆ ಎಷ್ಟು ಜನರ ಪಾಲು ಬಿದ್ದಿತ್ತೋ! ಅವನು ಮಾಡಿದ ತಪ್ಪೆಂದರೆ ಬಿಟ್ಟೆ ಎನ್ನುವುದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು. ಹಲ್ಲುನೋವನ್ನು ಕೂಡ ಮೂವತ್ತು ಪಾಲು ಮಾಡಿಕೊಳ್ಳುವ ನಮ್ಮೂರು, ತಪ್ಪನ್ನು ಮಾತ್ರ ಇಡಿಯಾಗಿ ಒಬ್ಬನ ತಲೆಗೆ ಕಟ್ಟಿ ಹಾಯಾಗಿತ್ತು.

ನನಗೆ ಇವರೆಲ್ಲರ ಮೇಲೆ ಕೆಂಡದಂಥ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೆದರಿಕೆಯಾಯಿತು. ಯಾಕೆಂದರೆ ಅವರೆಲ್ಲ ಹೇಳಿಯಾಯಿತು, ಇನ್ನು ಹೇಳಬೇಕಾದವಳು ಒಬ್ಬಳೇ ಉಳಿದಿದ್ದಳು.

ಚಂಪಿಯ ತಲೆದಿಂಬಿನ ಪಕ್ಕದಲ್ಲಿ ಅಂದು ನೂಲಿನ ಕೊನೆಯ ಸುತ್ತು ಹಿಡಿದು ಕೂತಿದ್ದವಳು ನಾನು. ಬೀದಿಯಲ್ಲಿ ಒಬ್ಬೊಬ್ಬರೇ ಬಿಡುತ್ತಾ ಬಂದ ಹಾಗೆ ನನ್ನ ಮೈಮೇಲೆ ಬೀಳುತ್ತಾ ಬಂತು. ಕೊನೆಗೆ ನಾವಿಬ್ಬರೇ ಉಳಿದೆವು, ಅಕ್ಕ ತಂಗಿ. ಅರ್ಧ ಅವಳಿಗೆ, ಅರ್ಧ ನನಗೆ. ನಾನು ಎಷ್ಟು ಹೊತ್ತು ತಡೆದೆನೋ ಗೊತ್ತಿಲ್ಲ. ಬಹಳ ಹೊತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆಮೇಲೆ ಸುತ್ತನ್ನು ಬೆರಳಿನಿಂದ ಸಡಿಲಿಸಿ ಕೆಳಕ್ಕೆ ಬಿಟ್ಟೆ. ಜಾರಿದ್ದಲ್ಲ, ನಾನೇ ಬಿಟ್ಟದ್ದು. ಚಂಪಿ ನೋಡಿದಳು.

ನಲವತ್ತನಾಲ್ಕು ಮನೆಯ ನೂಲು ಹಿಡಿದುಕೊಂಡು ಗವಿರಂಗನ ಮನೆಗೆ ಬಂದಾಗ ಖೇಮಮ್ಮ ಮೂಲೆಯಲ್ಲಿ ಮಗುವಿನ ಹಾಗೆ ಮುದುಡಿ ನಿದ್ದೆ ಹೋಗಿದ್ದರು. ಚೀವರದ ಎಳೆ ಪದುಮೆಯ ಕೈಗೆ ಬಂದಿತ್ತು. ಅವರ ಕೈಯಿಂದ ಹೇಗೆ ಬಿಡಿಸಿಕೊಂಡಳೋ. ನನ್ನ ಮಗಳ ಮುಖ ಬಿಳಿಚಿಕೊಂಡಿತ್ತು, ಹಣೆಯ ನರ ಉಬ್ಬಿತ್ತು, ಸೆರಗನ್ನು ಕಚ್ಚಿ ಹಿಡಿದಿದ್ದಳು.

ನಾನು ನನ್ನ ಕೈಗೆ ಒಂದು ಸುತ್ತು ಹಾಕಿಕೊಂಡೆ. ತುದಿ ಹಿಡಿದು ಗವಿರಂಗನ ಪಕ್ಕದಲ್ಲಿ ಕೂತೆ. ಅವನು ಕಣ್ಣು ಬಿಟ್ಟ.

"ಹೊನ್ನಕ್ಕ, ನೀ ಹಿಡಿಬ್ಯಾಡ. ಬೇರೆಯೋರು ಹಿಡಿದ್ರೆ ಸಾಕು," ಎಂದ.

ಕಟ್ಟಬೇಕಿತ್ತು. ಕೈ ಮುಂದಕ್ಕೆ ಹೋಗಲಿಲ್ಲ. ಈ ಬಾಯಿಯನ್ನು ಮುಚ್ಚಿಕೊಂಡು ಈ ಕೈಯಿಂದ ಅವನಿಗೆ ಕಟ್ಟುವುದು ಹೇಗೆ ಎನ್ನಿಸಿತು.

"ಗವಿರಂಗ, ಚಂಪಿ ದಿನ ನಾನೂ ಬಿಟ್ಟೆ. ಅವ್ಳ ಪಕ್ಕದಲ್ಲೇ ಕುಂತಿದ್ದು ಬಿಟ್ಟೆ," ಎಂದೆ. ಗವಿರಂಗನಿಗೆ ಹೇಳಿದೆ, ಕೇಳಿಸಬೇಕಾದವಳು ಪಕ್ಕದಲ್ಲಿದ್ದಳು.

"ಗೊತ್ತು," ಎಂದ.

"ಗೊತ್ತಾ?"

"ಕೂಗಿದ್ಮೇಲೆ ನಾಚ್ಕೆ ಆಯ್ತು. ಮತ್ತೆ ಹಿಡ್ಕಳಾಣ ಅಂತ ನಿಮ್ ಮನೆ ತಾವ ಓಡ್ಬಂದೆ. ಕಿಟಕೀಲಿ ನೋಡ್ದೆ. ನೂಲು ನಿನ್ ಕಾಲ್ ತಾವ ಬಿದ್ದಿತ್ತು."

"ಮತ್ತೆ ಯಾಕೋ ಹೇಳ್ಲಿಲ್ಲ? ಇಷ್ಟ್ ವರ್ಸ ಊರೆಲ್ಲ ನಿನ್ನ ಉಗೀತಿತ್ತಲ್ಲ. ನಾನೇ ಉಗಿಸ್ತಿದ್ನಲ್ಲ."

ಅವನು ಉಸಿರು ಎಳೆದುಕೊಂಡು ನಿಧಾನವಾಗಿ ಹೇಳಿದ. "ಹೇಳಿ ಏನ್ ಮಾಡ್ಲಿ? ನಾನೂ ಬಿಟ್ಟಿದ್ದು ನಿಜ ತಾನೆ. ಆ ಕೂಸಿಗೆ ನೀನ್ ಬಿಟ್ರೆ ಯಾರಿದ್ರು? ನಿನ್ ಹೆಸ್ರೂ ಕೆಟ್ಟೋಗಿದ್ರೆ ಅದು ದೊಡ್ಡೋಳಾದ್ಮೇಲೆ ಯಾರ್ನ ನಂಬಬೇಕಿತ್ತು?"

ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಇಪ್ಪತ್ತಮೂರು ವರ್ಷದ ಅಳು, ನಿಲ್ಲಿಸಿದರೂ ನಿಲ್ಲಲಿಲ್ಲ. ಕೈಯಲ್ಲಿದ್ದ ತುದಿ ನೆಲಕ್ಕೆ ಬೀಳುವುದರಲ್ಲಿತ್ತು.

"ದೊಡ್ಡವ್ವ," ಎಂದಳು ಪದುಮೆ, ಹಲ್ಲು ಕಚ್ಚಿಕೊಂಡೇ. "ಆಮೇಲೆ ಅಳು. ಮೊದ್ಲು ಕಟ್ಟು. ನನ್ ಕೈಲಿ ತಡೆಯಾಕಾಯ್ತಿಲ್ಲ."

ಕಟ್ಟಿದೆ. ಊರಿನ ಕಡೆಯಿಂದ ಒಂದು ಸದ್ದು ಬಂತು, ನಲವತ್ತನಾಲ್ಕು ಮನೆಗಳಲ್ಲಿ ಜನ ಒಟ್ಟಿಗೆ ಉಸಿರು ಒಳಗೆಳೆದುಕೊಂಡ ಸದ್ದು. ನನ್ನ ಕಾಲಿನಿಂದ ಸೊಂಟದವರೆಗೆ ಉರಿ ಹತ್ತಿ, ಹಬ್ಬಿ, ಒಂದು ಹದಕ್ಕೆ ಬಂದು ನಿಂತಿತು. ತಡೆಯಬಹುದಾದ ಉರಿ. ಒಗ್ಗರಣೆ ಸಿಡಿದರೆ ಆಗುವಷ್ಟು. ಪದುಮೆಯೂ ಸೇರಿ ನಲವತ್ತೇಳು ಪಾಲು ಮಾಡಿದ ಮೇಲೂ ಇಷ್ಟಿದ್ದರೆ, ಮೂರು ದಿನ ಇವನು ಒಬ್ಬನೇ ಹೇಗೆ ತಡೆದುಕೊಂಡಿದ್ದ? ಆ ಉರಿಯಲ್ಲಿ ನಾನೂ ಹುಡುಕಿದೆ, ಖೇಮಮ್ಮ ಹೇಳಿದ ಹಾಗೆ. ಅವನ ಹೆಸರು ಸಿಗಲಿಲ್ಲ. ಗವಿರಂಗನ ಹುಬ್ಬು ಸಡಿಲವಾಯಿತು, ಬಾಯಿ ಸ್ವಲ್ಪ ತೆರೆದುಕೊಂಡಿತು. ಎರಡು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ.

ಪದುಮೆ ಚೀವರದ ಎಳೆ ಬಿಚ್ಚಿಟ್ಟು, ನನ್ನ ನೂಲಿನ ಒಂದು ಸುತ್ತನ್ನು ತಾನೂ ಕೈಗೆ ಹಾಕಿಕೊಂಡಳು. ನನ್ನನ್ನು ನೋಡಲಿಲ್ಲ. ಮುಖದ ಬೆವರು ಒರೆಸಿಕೊಂಡು, ನೀರು ಕುಡಿದು, ಬಾಗಿಲ ಕಡೆ ಮುಖಮಾಡಿ ಕೂತಳು. ಮೈಯ ನೋವು ನೂಲಿನಲ್ಲಿ ಹರಿಯುತ್ತದೆ, ಮನಸ್ಸಿನದು ಹರಿಯುವುದಿಲ್ಲ. ಅವಳೊಳಗೆ ಏನಾಗುತ್ತಿದೆ ಎಂದು ತಿಳಿಯುವ ದಾರಿ ನನಗಿರಲಿಲ್ಲ. ಇವತ್ತಿಗೆ ಮಗಳು ಹೋದಳು ಎಂದುಕೊಂಡೆ. ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕೇ.

"ಅವ್ವ ನೋಡಿದ್ಲಾ, ನೀ ಬಿಟ್ಟಿದ್ದ?" ಎಂದಳು ಕೊನೆಗೆ.

"ನೋಡಿದ್ಲು."

"ಏನಂದ್ಲು?"

ಅದೊಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ತಪ್ಪೂ ಅದರ ಜೊತೆ ಹೊರಗೆ ಬರುತ್ತಿತ್ತು. ಅವ್ವ ಸಾಯುವಾಗ ಏನಾದರೂ ಹೇಳಿದಳಾ ಎಂದು ಪದುಮೆ ಚಿಕ್ಕವಳಿದ್ದಾಗ ಎಷ್ಟೋ ಸಲ ಕೇಳಿದ್ದಳು. ಇಲ್ಲ ಕೂಸೆ, ಪ್ರಜ್ಞೆ ಇರಲಿಲ್ಲ ಎಂದು ಪ್ರತಿ ಸಲವೂ ಸುಳ್ಳು ಹೇಳಿದ್ದೆ.

"ನಾ ಬಿಟ್ಟ ಸ್ವಲ್ಪ ಹೊತ್ತಿಗೆ ನೀನು ಹುಟ್ಟಿದೆ. ನಿನ್ನ ಎದೆ ಮೇಲೆ ಮಲಗಿಸ್ಕಂಡು, ನಿನ್ ತಲೆ ಸವರ್ದ್ಲು," ಎಂದೆ. "ಆಮೇಲೆ ನನ್ ಕಡೆ ನೋಡಿ, 'ನೂಲು ಬಿಟ್ರೆ ಬಿಡಕ್ಕ, ಹೋಗ್ಲಿ. ಇವ್ಳನ್ನ ಬಿಡಬ್ಯಾಡ. ಇವ್ಳು ಎಷ್ಟ್ ಚೆನ್ನಾಗವ್ಳೆ ನೋಡು' ಅಂದ್ಲು."

ಪದುಮೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಹನಿ ಬಿದ್ದಿರಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

"ಇನ್ನೊಂದ್ಸಲ ಹೇಳು," ಎಂದಳು.

ಹೇಳಿದೆ. ಎಷ್ಟು ಚೆನ್ನಾಗವ್ಳೆ ಎಂದಾಗ ಅವ್ವನ ದನಿ ಹೇಗಿತ್ತು ಎಂದು ಕೇಳಿದಳು, ಹಾಗೇ ಅನ್ನಲು ನೋಡಿದೆ. ನೂಲು ಕೈಯಲ್ಲಿದ್ದ ಹಾಗೆಯೇ, ಸಂಜೆಯೊಳಗೆ ನಾಲ್ಕು ಸಲ ಹೇಳಿಸಿದಳು.